ಬಳೇಪೇಟೆಯಲ್ಲಿ ಒಂದು ಬೆಸುಗೆ

ಬಳೇಪೇಟೆ ಎಂದೊಡನೆ ನಮ್ಮ ಕಡೆಯ ಹಿರಿಯರಿಗೆ ನೆನಪಾಗುತ್ತಿದ್ದುದು ಎರಡೇ ಪದಾರ್ಥಗಳು: ಮದುವೆಗೆ ಬೇಕಾದ ಬಳೆ, ಭಜನೆಗೆ ಬೇಕಾದ ಹಾರ್ಮೋನಿಯಂ. ಬೆಂಗಳೂರಿನ ಹಳೆಯ ಪೇಟೆಗಳಲ್ಲಿ ಬಹುಪಾಲಿಗೆ ಹೆಸರು ಬಂದುದು ಕಸುಬಿನಿಂದ, ಇಲ್ಲವೆ ಸರಕಿನಿಂದ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಉಚ್ಚರಿಸಿದರೆ ಸಾಕು, ಅಲ್ಲಿ ಒಂದು ಕಾಲಕ್ಕೆ ಯಾರ ಕೈ ಏನನ್ನು ಮಾಡುತ್ತಿತ್ತೆಂಬುದು ತಾನಾಗಿ ತಿಳಿಯುತ್ತದೆ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿಸಿದಾಗ ಕೋಟೆಯೊಡನೆ ಇಂತಹ ಕಸುಬಿನ ಕೇರಿಗಳನ್ನೂ ನೆಲೆಗೊಳಿಸಿದರೆಂದು ಹೇಳುತ್ತಾರೆ. ಹೆಸರುಗಳು ಉಳಿದಿವೆ, ಕಸುಬುಗಳು ಕೆಲವು ಉಳಿದಿವೆ, ಕೆಲವು ವೇಷ ಬದಲಿಸಿವೆ.

ಬಳೇಪೇಟೆಯ ಮುಖ್ಯ ರಸ್ತೆಯಲ್ಲಿ ತಬಲಾ, ಮೃದಂಗ, ವೀಣೆ, ಹಾರ್ಮೋನಿಯಂಗಳ ಅಂಗಡಿಗಳು ಇಂದಿಗೂ ಇವೆ. ನಮ್ಮ ಶಾಲೆಯ ಪ್ರಾರ್ಥನಾ ಮಂದಿರದ ಹಾರ್ಮೋನಿಯಂ ಸ್ವರ ತಪ್ಪಿದಾಗಲೆಲ್ಲ ಅದನ್ನು ಜಮಖಾನದಲ್ಲಿ ಸುತ್ತಿ ಬಸ್ಸಿನಲ್ಲಿ ಅಲ್ಲಿಗೇ ಒಯ್ಯುವುದು ವಾಡಿಕೆಯಾಗಿತ್ತು. ಆ ಪೆಟ್ಟಿಗೆಯೊಳಗೆ ಒಂದೊಂದು ಸ್ವರಕ್ಕೂ ಒಂದೊಂದು ಹಿತ್ತಾಳೆಯ ನಾಲಗೆ. ನಾಲಗೆಯ ತುದಿಯನ್ನು ಕೊಂಚ ಹೆರೆದರೆ ಸ್ವರ ಏರುತ್ತದೆ, ಬುಡವನ್ನು ಹೆರೆದರೆ ಇಳಿಯುತ್ತದೆ. ಒಂದು ನಾಲಗೆ ಮುರಿದರೆ ಅದೊಂದನ್ನೇ ಬದಲಿಸುತ್ತಾರೆ. ‘ಗಾಂಧಾರ ಹೋಗಿದೆ, ಆದ್ದರಿಂದ ಹೊಸ ಹಾರ್ಮೋನಿಯಂ ಕೊಳ್ಳಿ’ ಎಂದು ಬಳೇಪೇಟೆಯಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಈ ಮಾತನ್ನು ಪೀಠಿಕೆಯಾಗಿ ಹೇಳಲು ಕಾರಣವಿದೆ. ಸಂಪಾದಕ ಮಂಡಲಿಯವರು ಸಂಚಿಕೆಗಾಗಿ ನನ್ನಿಂದ ಲೇಖನವೊಂದನ್ನು ಅಪೇಕ್ಷಿಸಿದಾಗ, ಶಾಲೆಯಲ್ಲಿ ಮೂವತ್ತೊಂದು ವರ್ಷ ಭೌತವಿಜ್ಞಾನ ಬೋಧಿಸಿದ ನಾನು ಯಾವುದಾದರೊಂದು ಘನವಾದ ವಿಷಯವನ್ನೇ ಆರಿಸಿಕೊಳ್ಳುವೆನೆಂದು ಅವರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡಿರುವುದು ಅರ್ಧ ಅಂಗುಲದ ಒಂದು ರಂಧ್ರ. ಲ್ಯಾಪ್‌ಟಾಪಿನ ಪಕ್ಕದಲ್ಲಿ ವಿದ್ಯುತ್ತಿನ ತಂತಿಯನ್ನು ಸಿಕ್ಕಿಸುವ ಆ ರಂಧ್ರಕ್ಕೆ ಪವರ್ ಜ್ಯಾಕ್ ಎಂದು ಹೆಸರು.

ಹಿರಿಯ ಓದುಗರಿಗಾಗಿ ಎರಡು ಮಾತು. ಗೋಡೆಯಲ್ಲಿ ಬರುವ ವಿದ್ಯುತ್ತು 230 ವೋಲ್ಟಿನ ಪರ್ಯಾಯ ಪ್ರವಾಹ. ಲ್ಯಾಪ್‌ಟಾಪಿಗೆ ಬೇಕಾದುದು ಸುಮಾರು 19 ವೋಲ್ಟಿನ ನೇರ ಪ್ರವಾಹ. ನಡುವೆ ಇರುವ ಕಪ್ಪು ಇಟ್ಟಿಗೆಯಂತಹ ಅಡಾಪ್ಟರು ಆ ಪರಿವರ್ತನೆಯನ್ನು ಮಾಡುತ್ತದೆ. ಅಡಾಪ್ಟರಿನ ತಂತಿಯ ತುದಿಯಲ್ಲಿ ಪುಟ್ಟ ಕೊಳವೆಯಿದೆ. ಹಲವು ಯಂತ್ರಗಳಲ್ಲಿ ಅದರ ಹೊರ ವ್ಯಾಸ 5.5 ಮಿಲಿಮೀಟರು, ಒಳಗಿನ ತೂತು 2.5 ಮಿಲಿಮೀಟರು. ಅದನ್ನು ಎದುರುಗೊಳ್ಳುವ ಜ್ಯಾಕಿನ ನಡುವೆ ಒಂದು ಕಡ್ಡಿ, ಅದು ಧನಾಗ್ರ. ಪಕ್ಕದಲ್ಲಿ ಒತ್ತಿ ಹಿಡಿಯುವ ಒಂದು ಲೋಹದ ಎಲೆ, ಅದು ಋಣಾಗ್ರ. ಕೆಲವು ಯಂತ್ರಗಳಲ್ಲಿ ಈ ಜ್ಯಾಕಿಗೆ ಬಾಲದಂತೆ ತಂತಿಯಿದ್ದು ಅದನ್ನು ಬಿಚ್ಚಿ ಬೇರೊಂದನ್ನು ಸಿಕ್ಕಿಸಬಹುದು. ಅದು ಅರ್ಧ ಗಂಟೆಯ ಕೆಲಸ. ಇನ್ನು ಕೆಲವುಗಳಲ್ಲಿ ಜ್ಯಾಕನ್ನು ಮದರ್‌ಬೋರ್ಡ್ ಎಂಬ ತಾಯಿಹಲಗೆಗೇ ನೇರವಾಗಿ ಬೆಸೆದಿರುತ್ತಾರೆ. ಕಷ್ಟವಿರುವುದು ಅಲ್ಲಿ.

ಇಡೀ ಯಂತ್ರದಲ್ಲಿ ಮನುಷ್ಯನ ಒರಟುತನಕ್ಕೆ ದಿನನಿತ್ಯ ಗುರಿಯಾಗುವ ಅವಯವ ಇದೇ. ಹುಡುಗರು ತಂತಿ ಸಿಕ್ಕಿಸಿಕೊಂಡೇ ಯಂತ್ರವನ್ನು ಹಾಸಿಗೆಯಿಂದ ಮೇಜಿಗೆ ಎಳೆಯುತ್ತಾರೆ; ಹಾದುಹೋಗುವವರ ಕಾಲಿಗೆ ತಂತಿ ತೊಡರುತ್ತದೆ. ಪ್ರತಿಯೊಂದು ಎಳೆತವೂ ಸನ್ನೆಗೋಲಿನ ನ್ಯಾಯದಂತೆ ಜ್ಯಾಕಿನ ಕಾಲುಗಳಲ್ಲಿರುವ ಬೆಸುಗೆಯನ್ನು ಮೀಟುತ್ತದೆ. ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಇದನ್ನು ಮನಗಂಡೇ ಆಪಲ್ ಸಂಸ್ಥೆಯವರು 2006ರಲ್ಲಿ ಅಯಸ್ಕಾಂತದಿಂದ ಅಂಟಿಕೊಳ್ಳುವ, ಎಳೆದರೆ ತಾನಾಗಿ ಕಳಚುವ ಜೋಡಣೆಯನ್ನು ಹೊರತಂದರು. ನಮ್ಮ ಮಕ್ಕಳ ಕೈಗೆ ಬರುವ ಯಂತ್ರಗಳಲ್ಲಿ ಆ ಭಾಗ್ಯವಿರಲಿಲ್ಲ.

2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಪರದೆಯ ಮೇಲೆ ನಡೆಯತೊಡಗಿದಾಗ ನಮ್ಮ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೂಡಿ ಪ್ರಸಾದ ನಿಲಯದ ಮಕ್ಕಳಿಗೆಂದು ಹದಿನಾಲ್ಕು ಲ್ಯಾಪ್‌ಟಾಪುಗಳನ್ನು ಒದಗಿಸಿದ್ದನ್ನು ಓದುಗ ಮಹನೀಯರು ಬಲ್ಲರು. ಅವುಗಳಲ್ಲೊಂದು, 2021ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ಬೆಂಗಳೂರಿನಲ್ಲಿ ಡಿಪ್ಲೊಮಾ ಸೇರಿದ ನಮ್ಮ ವಿದ್ಯಾರ್ಥಿಯೊಬ್ಬನ ಪಾಲಿಗೆ ಬಂದಿತು. ತಂದೆ ಮಾರುಕಟ್ಟೆಯ ಅಂಗಳದಲ್ಲಿ ಮೂಟೆ ಹೊರುವವರು. ಮೂರು ವರ್ಷ ಆ ಯಂತ್ರ ಹುಡುಗನ ಪಾಠಶಾಲೆಯೂ ಗ್ರಂಥಾಲಯವೂ ಆಗಿತ್ತು. 2024ರ ಬೇಸಗೆಯಲ್ಲಿ, ಕೊನೆಯ ವರ್ಷದ ಯೋಜನಾ ವರದಿಯನ್ನು ಒಪ್ಪಿಸಲು ಹನ್ನೆರಡು ದಿನ ಉಳಿದಿರುವಾಗ, ಅದು ವಿದ್ಯುತ್ತನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. ಮೊದಲು ತಂತಿಯನ್ನು ಒಂದು ಕೋನದಲ್ಲಿ ಬಾಗಿಸಿ ಹಿಡಿದರೆ ನಡೆಯುತ್ತಿತ್ತಂತೆ. ಆಮೇಲೆ ತಂತಿಯ ಕೆಳಗೆ ಬೆಂಕಿಪೊಟ್ಟಣವಿಟ್ಟರೆ ನಡೆಯುತ್ತಿತ್ತಂತೆ. ಆಮೇಲೆ ಯಾವ ಉಪಾಯಕ್ಕೂ ಜಗ್ಗದಾಯಿತು.

ಹುಡುಗ ಅದನ್ನು ತಯಾರಕರ ಅಧಿಕೃತ ಸೇವಾಕೇಂದ್ರವೊಂದಕ್ಕೆ ಒಯ್ದನು. ಅವರು ಅರ್ಧ ದಿನ ಇರಿಸಿಕೊಂಡು, ತಾಯಿಹಲಗೆಯನ್ನೇ ಬದಲಿಸಬೇಕು, ಇಪ್ಪತ್ತಮೂರು ಸಾವಿರ ರೂಪಾಯಿ, ಎಂದು ಬರೆದ ಚೀಟಿಯನ್ನು ಕೊಟ್ಟರು. ಜ್ಯಾಕ್ ಮಾತ್ರ ಬದಲಿಸಲಾಗದೆ ಎಂದು ಕೇಳಿದ್ದಕ್ಕೆ, ನಮ್ಮಲ್ಲಿ ಬಿಡಿಭಾಗದ ಬೆಸುಗೆ ಇಲ್ಲ ಎಂದರು. ಅವರ ಮಾತಿನಲ್ಲಿ ವಂಚನೆಯಿರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ಹಲಗೆಯನ್ನು ಕಳಚಿ ಇನ್ನೊಂದನ್ನು ಕೂರಿಸುವುದಕ್ಕೆ ಮಾತ್ರ ಅಲ್ಲಿಯ ಯುವಕರಿಗೆ ಶಿಕ್ಷಣವಿದೆ. ಅಷ್ಟಕ್ಕೆ ಮಾತ್ರ ಅವರು ಖಾತರಿ ಕೊಡಬಲ್ಲರು. ಒಂದು ಪದ್ಧತಿ ಹಾಗೆ ರೂಪುಗೊಂಡಿದೆ. ಆದರೆ ಆ ಪದ್ಧತಿಯ ಕೊನೆಯಲ್ಲಿ ನಿಂತ ಹುಡುಗನಿಗೆ ಇಪ್ಪತ್ತಮೂರು ಸಾವಿರವೆಂದರೆ ಮನೆಯವರ ಎರಡು ತಿಂಗಳ ಅನ್ನ. ಹಳೆಯ ಸಾಮಾನು ಕೊಳ್ಳುವವನೊಬ್ಬ ಸಾವಿರದೈನೂರಕ್ಕೆ ಕೇಳಿದ್ದನು. ‘ಮಾರಿಬಿಡಲೇ, ಸಾರ್?’ ಎಂದು ಹುಡುಗ ನನಗೆ ದೂರವಾಣಿ ಮಾಡಿದನು. ವರದಿಯ ಪ್ರತಿಯೆಲ್ಲ ಅದರೊಳಗಿತ್ತು.

ಚಾಮರಾಜಪೇಟೆಯಲ್ಲಿ ನೆಲೆಸಿರುವ ನನಗೆ ಬಳೇಪೇಟೆ ದೂರವಲ್ಲ. ಅಲ್ಲಿ ವಾದ್ಯಗಳ ಅಂಗಡಿಯೊಂದರ ಪಕ್ಕದ ಕಡಿದಾದ ಮೆಟ್ಟಲುಗಳನ್ನೇರಿದರೆ ಹತ್ತಡಿಗೆ ಎಂಟಡಿಯ ಒಂದು ಕೋಣೆಯಿದೆ. ಅದರ ಒಡೆಯ ಐವತ್ತು ದಾಟಿದವರು. ಹೆಸರು ಅಚ್ಚಾಗಬಾರದೆಂದು ಅವರೇ ಕೇಳಿಕೊಂಡಿರುವುದರಿಂದ ಬರೆಯುತ್ತಿಲ್ಲ. ಅವರ ತಂದೆ ಅದೇ ಕೋಣೆಯಲ್ಲಿ ವಾಲ್ವ್ ರೇಡಿಯೋಗಳನ್ನು ರಿಪೇರಿ ಮಾಡುತ್ತಿದ್ದರಂತೆ. ಇವರು ಟ್ರಾನ್ಸಿಸ್ಟರ್, ಟೇಪ್ ರೆಕಾರ್ಡರ್, ದೂರದರ್ಶನಗಳನ್ನು ದಾಟಿ ಈಗ ಲ್ಯಾಪ್‌ಟಾಪಿಗೆ ಬಂದಿದ್ದಾರೆ. ಗೋಡೆಯ ಮೇಲೆ ತಂದೆಯ ಚಿತ್ರ, ಅದರ ಕೆಳಗೆ ತಂದೆಯ ಬೆಸುಗೆಯ ಕಾವುಗೋಲು ಮೊಳೆಗೆ ತೂಗುಹಾಕಿದೆ. ಕಲ್ಲಿದ್ದಲಿನ ಬೆಂಕಿಯಲ್ಲಿ ಕಾಯಿಸುತ್ತಿದ್ದ, ತಾಮ್ರದ ತಲೆಯ, ಸುತ್ತಿಗೆಯಷ್ಟು ದಪ್ಪನೆಯ ಕಾವುಗೋಲು.

ವಿದ್ಯುತ್ತಿಗೂ ಈ ಪೇಟೆಗೂ ನಂಟು ಹಳೆಯದು. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಮೊದಲು ಹರಿದುದು ಕೋಲಾರದ ಚಿನ್ನದ ಗಣಿಗಳಿಗೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳು ಆ ವಿದ್ಯುತ್ತಿನಿಂದ ಬೆಳಗಿದಾಗ, ಬೆಳಗಿದುದು ಬಳೇಪೇಟೆಯಿಂದ ಹೆಜ್ಜೆಯಳತೆಯಲ್ಲಿರುವ ಮಾರುಕಟ್ಟೆಯ ಸುತ್ತಲಿನಲ್ಲಿ. ವಿದ್ಯುತ್ತು ಬಂದ ಮೇಲೆ ಅದು ಕೆಟ್ಟಾಗ ನೋಡುವವರೂ ಬೇಕಾದರು.

ರಿಪೇರಿಯವರು ಮೊದಲು ಹುಡುಗನನ್ನು ಹತ್ತಿರ ಕೂರಿಸಿಕೊಂಡು ರೋಗಿಯನ್ನು ವೈದ್ಯರು ಕೇಳುವಂತೆ ಕೇಳಿದರು. ತಂತಿ ಬಾಗಿಸಿದಾಗ ಕಿಡಿಯ ಸದ್ದು ಬರುತ್ತಿತ್ತೇ? ಮೂಲೆ ಬಿಸಿಯಾಗುತ್ತಿತ್ತೇ? ಎಂದಾದರೂ ಬಿದ್ದಿತ್ತೇ? ಆಮೇಲೆ ಅಡಾಪ್ಟರಿನ ತುದಿಗೆ ಮಲ್ಟಿಮೀಟರ್ ಹಿಡಿದರು. ಹತ್ತೊಂಬತ್ತು ವೋಲ್ಟ್ ಸರಿಯಾಗಿ ತೋರಿಸಿತು, ದೋಷ ಅಲ್ಲಿಲ್ಲ. ಯಂತ್ರದ ಬೆನ್ನನ್ನು ಬಿಚ್ಚಿ, ಮೊಟ್ಟಮೊದಲು ಬ್ಯಾಟರಿಯ ಸಂಪರ್ಕವನ್ನು ಕಳಚಿದರು. ಬ್ಯಾಟರಿ ಜೋಡಿಸಿದ್ದಂತೆಯೇ ಒಳಗೆ ಕೈಯಿಡುವುದು ನಮ್ಮ ಪಾಲಿಗೆ ಮಹಾಪಾಪ ಎಂದರು. ಹಲಗೆಯನ್ನು ಹೊರತೆಗೆದು ಜ್ಯಾಕಿನ ನಡುಗಡ್ಡಿಗೂ ಅದು ತಲಪಬೇಕಾದ ತಾಮ್ರದ ಪಥಕ್ಕೂ ಮಲ್ಟಿಮೀಟರಿನ ಎರಡು ಮೊನೆಗಳನ್ನಿಟ್ಟು ಜ್ಯಾಕನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿದರು. ಅಂಕಿಗಳು ಗಾಳಿಗೆ ಸಿಕ್ಕ ದೀಪದಂತೆ ಕುಣಿದವು. ಭೂತಗನ್ನಡಿಯಲ್ಲಿ ನನಗೂ ತೋರಿಸಿದರು: ಕಾಲಿನ ಸುತ್ತ ಬೆಸುಗೆಯಲ್ಲಿ ಉಂಗುರದಂತಹ ಬಿರುಕು, ಪಕ್ಕದ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದೆ.

ಆ ಕಂದುಬಣ್ಣದ ಲೆಕ್ಕವನ್ನು ನಾನು ತರಗತಿಯಲ್ಲಿ ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿಲ್ಲ! ಈ ಅಡಾಪ್ಟರು 65 ವಾಟಿನದು. 19 ವೋಲ್ಟಿಗೆ ಅದು 3.42 ಆಂಪೇರ್ ಕೊಡಬಲ್ಲದು. ಸಡಿಲ ಸಂಪರ್ಕದಲ್ಲಿ ಕೇವಲ ಅರ್ಧ ಓಮಿನ ರೋಧ ಹುಟ್ಟಿಕೊಂಡಿತೆನ್ನಿ. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ಹೆಚ್ಚುಕಡಿಮೆ ಆರು ವಾಟ್. ಕಡಲೆಕಾಳಿನಷ್ಟು ಜಾಗದಲ್ಲಿ ಆರು ವಾಟಿನ ಕಾವು ಕೂತರೆ ಪ್ಲಾಸ್ಟಿಕ್ ಬಾಡದೆ ಏನಾದೀತು? ಕಾವಿನಿಂದ ಎಲೆಯ ಬಿಗಿತ ಸಡಿಲುತ್ತದೆ, ಸಡಿಲಿದಷ್ಟೂ ರೋಧ ಹೆಚ್ಚುತ್ತದೆ, ರೋಧ ಹೆಚ್ಚಿದಷ್ಟೂ ಕಾವು. ಬೆಂಕಿಪೊಟ್ಟಣದ ಉಪಾಯ ಈ ಚಕ್ರಕ್ಕೆ ಎಣ್ಣೆ ಹೊಯ್ದಂತೆ.

ಜ್ಯಾಕ್ ತರಲು ಹುಡುಗನನ್ನು ಸಾದರ ಪತ್ರಪ್ಪ ರಸ್ತೆಗೆ ಕಳುಹಿಸಿದರು. ಚಿಕ್ಕಪೇಟೆಯನ್ನು ಹಾದು ಅವೆನ್ಯೂ ರಸ್ತೆಯನ್ನು ದಾಟಿ ಹೋದರೆ ಸಿಗುವ ಈ ರಸ್ತೆಯನ್ನು ಎಲ್ಲರೂ ಎಸ್.ಪಿ. ರಸ್ತೆ ಎಂದು ಮೊಟಕಾಗಿ ಕರೆಯುತ್ತಾರೆ. ವಿದ್ಯುನ್ಮಾನದ ಬಿಡಿಭಾಗಗಳಿಗೆ ಅದಕ್ಕಿಂತ ದೊಡ್ಡ ಹೆಸರು ನಮ್ಮ ರಾಜ್ಯದಲ್ಲಿ ಮತ್ತೊಂದಿಲ್ಲ. ನಾನೂ ಜೊತೆಗೆ ನಡೆದೆ. ಕೈ ಚಾಚಿದರೆ ಎದುರಂಗಡಿ ಸಿಗುವಷ್ಟು ಇಕ್ಕಟ್ಟು. ಡಬ್ಬಿಗಳಲ್ಲಿ ಧಾನ್ಯದಂತೆ ಸುರಿದಿಟ್ಟ ಬಿಡಿಭಾಗಗಳು. ಮೊದಲನೆಯ ಅಂಗಡಿಯವನು ಕೊಟ್ಟ ಜ್ಯಾಕ್ ಕಣ್ಣಿಗೆ ಒಂದೇ ರೀತಿಯದಾಗಿತ್ತು. ಹುಡುಗ ತಾನು ಒಯ್ದಿದ್ದ ಅಡಾಪ್ಟರಿನ ತುದಿಯನ್ನು ಅದಕ್ಕೆ ಸಿಕ್ಕಿಸಿ ಅಲುಗಿಸಿದನು, ಅದು ಆಡಿತು. ನಡುಗಡ್ಡಿ 2.1 ಮಿಲಿಮೀಟರಿನದು. 2.5ರ ತೂತಿಗೆ ಅದು ಹೊಗುತ್ತದೆ, ವಿದ್ಯುತ್ತೂ ಹರಿಯುತ್ತದೆ, ಆದರೆ ಮೂರು ತಿಂಗಳಲ್ಲಿ ಮತ್ತೆ ಅದೇ ಕಥೆ. ಹೀಗೆ ಅಲುಗಿಸಿ ನೋಡು ಎಂದು ರಿಪೇರಿಯವರು ಮೊದಲೇ ಹೇಳಿ ಕಳುಹಿಸಿದ್ದರು. ನಾಲ್ಕನೆಯ ಅಂಗಡಿಯಲ್ಲಿ ಕಡ್ಡಿಯೂ, ಕಾಲುಗಳ ಅಂತರವೂ, ಎತ್ತರವೂ ಹೊಂದುವ ಜ್ಯಾಕ್ ದೊರೆಯಿತು. ಬೆಲೆ ನೂರೈವತ್ತು ರೂಪಾಯಿ.

ಇನ್ನು ಬೆಸುಗೆಯ ವಿಚಾರ. ಹೊಸದನ್ನು ಹಾಕುವುದು ಸುಲಭ, ಹಳೆಯದನ್ನು ತೆಗೆಯುವುದೇ ವಿದ್ಯೆ ಎಂಬುದನ್ನು ಅಂದು ಕಣ್ಣಾರೆ ಕಂಡೆ. ತಾಯಿಹಲಗೆಯೆಂದರೆ ಒಂದು ಹಲಗೆಯಲ್ಲ. ಹಪ್ಪಳಗಳನ್ನು ಒಂದರ ಮೇಲೊಂದು ಒತ್ತಿದಂತೆ ತಾಮ್ರದ ಹಲವು ಪದರಗಳು. ಋಣಾಗ್ರದ ಕಾಲುಗಳು ಒಳಗಿನ ಅಗಲವಾದ ತಾಮ್ರದ ಹಾಳೆಗೆ ಸೇರಿರುವುದರಿಂದ, ಕಾವುಗೋಲು ಮುಟ್ಟಿಸಿದ ಕಾವನ್ನೆಲ್ಲ ಆ ಹಾಳೆ ಕೆರೆಯ ನೀರಿನಂತೆ ಹರಡಿಬಿಡುತ್ತದೆ; ಬೆಸುಗೆ ಕರಗುವುದೇ ಇಲ್ಲ. ಸಾಲದ್ದಕ್ಕೆ ಕಾರ್ಖಾನೆಯ ಬೆಸುಗೆ ಸೀಸವಿಲ್ಲದ್ದು. ಯುರೋಪಿನವರು 2006ರ ಜುಲೈ 1ರಿಂದ ಇಂತಹ ಸಾಮಗ್ರಿಗಳಲ್ಲಿ ಸೀಸವನ್ನು ನಿರ್ಬಂಧಿಸಿದ ಮೇಲೆ ಜಗತ್ತಿನ ಕಾರ್ಖಾನೆಗಳು ಬಹುಮಟ್ಟಿಗೆ ತವರ, ಬೆಳ್ಳಿ, ತಾಮ್ರಗಳ ಮಿಶ್ರಣಕ್ಕೆ ತಿರುಗಿದವು. ಅದು ಕರಗಲು ಸುಮಾರು 217 ಡಿಗ್ರಿ ಬೇಕು. ಹಳೆಯ ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗುತ್ತದೆ. ಕರಗಲಿಲ್ಲವೆಂದು ಬಲವಂತವಾಗಿ ಎಳೆದರೆ, ರಂಧ್ರದ ಒಳಗೋಡೆಗೆ ಲೇಪಿಸಿರುವ ತಾಮ್ರದ ತೆಳುಕೊಳವೆ ಜ್ಯಾಕಿನ ಕಾಲಿನೊಂದಿಗೇ ಕಿತ್ತು ಬರುತ್ತದೆ. ಆಮೇಲೆ ಪದರ ಪದರಗಳ ಸಂಬಂಧವೇ ಕಡಿದುಹೋಗಿ ಹಲಗೆ ನಿಜವಾಗಿಯೂ ಸಾಯುತ್ತದೆ.

ಅವರು ಅವಸರಪಡಲಿಲ್ಲ. ಸುತ್ತಲಿನ ಸೂಕ್ಷ್ಮಭಾಗಗಳ ಮೇಲೆ ಕಾವು ತಡೆಯುವ ಹಳದಿ ಪಟ್ಟಿಯನ್ನು ಅಂಟಿಸಿದರು. ಹಲಗೆಯನ್ನು ಕೆಳಗಿನಿಂದ ಬಿಸಿಗಾಳಿಯಲ್ಲಿ ಹದವಾಗಿ ಬೆಚ್ಚಗೆ ಮಾಡಿದರು. ರೊಟ್ಟಿ ಬೇಯಿಸುವ ಮೊದಲು ಹೆಂಚು ಕಾಯಿಸಿದಂತೆ ಎಂದು ನಾನೆಂದರೆ, ರೊಟ್ಟಿಯಷ್ಟು ಬಿಸಿ ಬೇಡ ಸ್ವಾಮಿ ಎಂದು ನಕ್ಕರು. ಆಮೇಲೆ ಮಾಡಿದ ಕೆಲಸ ನನಗೆ ವಿಚಿತ್ರವಾಗಿ ಕಂಡಿತು: ತೆಗೆಯಬೇಕಾದ ಬೆಸುಗೆಗೆ ಇನ್ನಷ್ಟು ಬೆಸುಗೆ ಸೇರಿಸಿದರು. ಸೇರಿಸಿದ್ದು ಸೀಸದ ಹಳೆಯ ಬೆಸುಗೆ. ಎರಡೂ ಬೆರೆತು ಕರಗುವ ಬಿಂದು ಕೆಳಗಿಳಿಯಿತು. ಹಟಮಾರಿಯೊಡನೆ ಮೆದುಮಾತಿನವನನ್ನು ಕೂರಿಸಿದಂತೆ. ನಂತರ ಜ್ಯಾಕಿನ ಪ್ಲಾಸ್ಟಿಕ್ ಮೈಯನ್ನು ಚಿಮ್ಮಟಿಗೆಯಿಂದ ತುಂಡುತುಂಡಾಗಿ ಕತ್ತರಿಸಿ, ಕಾಲುಗಳನ್ನು ಬಿಡಿಬಿಡಿಯಾಗಿಸಿ, ಒಂದೊಂದನ್ನೇ ಕಾಯಿಸಿ ಎತ್ತಿದರು. ‘ಹಳೇ ಜ್ಯಾಕ್ ಹಾಳಾದರೆ ಚಿಂತೆಯಿಲ್ಲ, ಹಲಗೆ ನೋಯಬಾರದು’ ಎಂಬುದು ಅವರ ಮಾತು. ರಂಧ್ರಗಳಲ್ಲಿ ಉಳಿದ ಬೆಸುಗೆಯನ್ನು ತಾಮ್ರದ ಹೆಣಿಗೆಯಿಂದ ಹೀರಿಸಿ, ಬೆಳಕಿಗೆ ಹಿಡಿದು, ಐದೂ ರಂಧ್ರಗಳ ಮೂಲಕ ಕಿಟಕಿಯ ಬೆಳಕು ಕಂಡ ಮೇಲೆಯೇ ಹೊಸ ಜ್ಯಾಕನ್ನು ಕೈಗೆ ತೆಗೆದುಕೊಂಡರು.

ಕೋಣೆಯಲ್ಲಿ ಒಂದು ಪರಿಚಿತ ಪರಿಮಳ ತುಂಬಿತ್ತು. ಬೆಸುಗೆಯ ಹೊಗೆಯೆಂದರೆ ಲೋಹದ ಹೊಗೆಯಲ್ಲ, ಮುಖ್ಯವಾಗಿ ಅದರೊಂದಿಗೆ ಬೆರೆತಿರುವ ರಾಳದ್ದು. ಲೋಹದ ಮೇಲಿನ ತುಕ್ಕನ್ನು ಕಳೆದು ಬೆಸುಗೆ ಹರಿಯುವಂತೆ ಮಾಡುವುದು ಆ ರಾಳ. ಕೆಳಗಿನ ಅಂಗಡಿಯಲ್ಲಿ ಪಿಟೀಲಿನ ಕಮಾನಿಗೆ ಉಜ್ಜಲು ಮಾರುವುದೂ ಅದೇ ವರ್ಗದ ರಾಳವೇ. ಪೈನ್ ಮರದ ಅಂಟು. ಆ ಕಟ್ಟಡದ ಮೇಲಿಗೂ ಕೆಳಗಿಗೂ ಇದ್ದ ಈ ಸಂಬಂಧ ನನಗೆ ಬಹಳ ಹಿಡಿಸಿತು. ಆದರೂ ಆ ಹೊಗೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅವರ ಮೇಜಿನ ಮೇಲೆ ಹೊಗೆಯನ್ನು ಹೊರಗೆಳೆಯುವ ಒಂದು ಪಂಖವಿತ್ತು. ಚಹಾ ಬಂದಾಗ, ಸೀಸ ಮುಟ್ಟಿದ ಕೈಯೆಂದು ಸಾಬೂನಿನಿಂದ ತೊಳೆದುಕೊಂಡೇ ಲೋಟ ಹಿಡಿದರು.

ಹೊಸ ಜ್ಯಾಕಿನ ಒಂದೇ ಕಾಲನ್ನು ಮೊದಲು ಬೆಸೆದು, ಹಲಗೆಯನ್ನು ಚೌಕಟ್ಟಿನಲ್ಲಿಟ್ಟು, ಹೊರಗಿನ ತೂತಿಗೆ ನೇರವಾಗಿದೆಯೇ ಎಂದು ನೋಡಿ, ಕೂದಲೆಳೆಯಷ್ಟು ತಿದ್ದಿ, ಆಮೇಲೆ ಉಳಿದ ನಾಲ್ಕು ಕಾಲುಗಳನ್ನು ಬೆಸೆದರು. ಆಲ್ಕೊಹಾಲಿನಲ್ಲಿ ಅದ್ದಿದ ಕುಂಚದಿಂದ ರಾಳವನ್ನು ತೊಳೆದರು. ಧನ ಋಣಗಳು ಒಂದಕ್ಕೊಂದು ತಾಗಿಲ್ಲವೆಂದು ಮಲ್ಟಿಮೀಟರಿನಲ್ಲಿ ಖಾತ್ರಿ ಮಾಡಿಕೊಂಡರು. ಆದರೂ ಅಡಾಪ್ಟರನ್ನು ಒಮ್ಮೆಲೆ ಸಿಕ್ಕಿಸಲಿಲ್ಲ. ಪ್ರವಾಹಕ್ಕೆ ಮಿತಿ ಹಾಕಬಹುದಾದ ತಮ್ಮದೇ ವಿದ್ಯುತ್ ಮೂಲದಿಂದ 19 ವೋಲ್ಟ್ ಕೊಟ್ಟರು. ಮಾಪಕದಲ್ಲಿ ಆಂಪೇರಿನ ನೂರರಲ್ಲಿ ಕೆಲವೇ ಪಾಲು ಕಂಡಿತು. ಮಲಗಿರುವ ಮಗುವಿನ ಉಸಿರಿನಷ್ಟು. ಅದು ಸರಿಯಾದ ಲಕ್ಷಣವಂತೆ. ಗುಂಡಿಯೊತ್ತಿದಾಗ ಅಂಕಿ ಏರಿತು, ಪರದೆ ಬೆಳಗಿತು. ಹುಡುಗ ಏನೂ ಮಾತಾಡಲಿಲ್ಲ. ಜೇಬಿನಿಂದ ಪುಟ್ಟ ಪೆನ್‌ಡ್ರೈವ್ ತೆಗೆದು ವರದಿಯನ್ನು ಅದಕ್ಕೆ ನಕಲಿಸಲು ಕುಳಿತನು.

ಒಟ್ಟು ಎರಡು ಗಂಟೆ ಹತ್ತು ನಿಮಿಷದ ಕೆಲಸ. ಕೂಲಿ ಆರುನೂರು ರೂಪಾಯಿ. ನಾನು ಸಾವಿರದ ಲೆಕ್ಕಕ್ಕೆ ಎರಡು ಐನೂರರ ನೋಟುಗಳನ್ನಿತ್ತೆ. ಅವರು ನಾಲ್ಕುನೂರನ್ನು ಎಣಿಸಿ ಹಿಂದಿರುಗಿಸಿದರು. ಇರಲಿ ಎಂದೆ, ಬೇಡ ಎಂದರು. ಹುಡುಗನ ಎದುರಿಗೆ ಹೆಚ್ಚು ತೆಗೆದುಕೊಂಡರೆ ನಾಳೆ ಅವನು ಇದೇ ಬೆಲೆಯೆಂದು ನಾಲ್ಕು ಜನಕ್ಕೆ ಹೇಳುತ್ತಾನೆ, ಬಡವರು ಮೆಟ್ಟಲು ಹತ್ತುವುದನ್ನು ಬಿಡುತ್ತಾರೆ ಎಂದು ಅವರ ವಿವರಣೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಹೆಚ್ಚಿನದನ್ನು ಅಲ್ಲೇ ಸುರಿದು ಬರುವಂತೆ ಲಕ್ಕಮ್ಮನವರು ತಾಕೀತು ಮಾಡಿದ ಕಥೆಯನ್ನು ನಾವು ಪ್ರತಿವರ್ಷ ಬಸವ ಜಯಂತಿಯ ವೇದಿಕೆಯಲ್ಲಿ ಹೇಳುತ್ತೇವೆ. ಬಳೇಪೇಟೆಯ ಆ ಕೋಣೆಯಲ್ಲಿ ವೇದಿಕೆಯಿರಲಿಲ್ಲ. ಕಾಯಕದ ಮೇಲೆ ನಾನು ಮಾಡಿದ ಭಾಷಣಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ನುಲಿಯ ಚಂದಯ್ಯನವರ ಹಗ್ಗ, ಮೇದಾರ ಕೇತಯ್ಯನವರ ಬಿದಿರು ಬಂದಿವೆ, ಬೆಸುಗೆಯ ಕಾವುಗೋಲು ಬಂದಿರಲಿಲ್ಲ.

ಈಗ ದಾನಿ ಮಹಾಶಯರ ಗಮನಕ್ಕೆ ತರಬೇಕಾದ ಸಂಗತಿಗೆ ಬರುತ್ತೇನೆ. ಮರುವಾರ ಶಾಲೆಗೆ ಹೋಗಿದ್ದಾಗ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಪ್ರಯೋಗಾಲಯದ ಕಪಾಟನ್ನು ತೆರೆಸಿದೆ. ಹದಿನಾಲ್ಕರಲ್ಲಿ ಆರು ಲ್ಯಾಪ್‌ಟಾಪುಗಳು ಅಲ್ಲಿ ಮಲಗಿದ್ದವು. ಮೂರಕ್ಕೆ ಜ್ಯಾಕ್ ಹೋಗಿತ್ತು, ಎರಡಕ್ಕೆ ಬ್ಯಾಟರಿ ಸತ್ತಿತ್ತು, ಒಂದರ ಪರದೆ ಒಡೆದಿತ್ತು. ಒಂದೊಂದರ ಮುಚ್ಚಳದ ಮೇಲೂ ದಾನಿಗಳ ಹೆಸರಿನ ಚೀಟಿ ಮಾಸದೆ ಹೊಳೆಯುತ್ತಿದೆ. ಅವುಗಳ ರಿಪೇರಿಗೆ ಯಾವ ಬಾಬತ್ತಿನಿಂದ ಹಣ ತೆಗೆಯಬೇಕೆಂಬುದು ಶಾಲೆಯ ಲೆಕ್ಕದಲ್ಲಿಲ್ಲ. ಕೊಳ್ಳುವುದಕ್ಕೆ ನಿಧಿಯಿದೆ, ಕಟ್ಟುವುದಕ್ಕೆ ನಿಧಿಯಿದೆ, ಉದ್ಘಾಟನೆಗೆ ಕೂಡ ಇದೆ. ರಿಪೇರಿಗೆ ಇಲ್ಲ. ಇದರಲ್ಲಿ ಯಾರೊಬ್ಬರ ತಪ್ಪನ್ನೂ ಹುಡುಕುವುದು ಸಲ್ಲದು. ಜ್ಯಾಕಿನ ಮೇಲೆ ಹೆಸರಿನ ಚೀಟಿ ಅಂಟಿಸಲು ಸ್ಥಳವಿಲ್ಲವಷ್ಟೆ!

ಬಳೇಪೇಟೆಯ ಬಳಿಯ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಗುಬ್ಬಿ ತೋಟದಪ್ಪನವರು 1903ರಲ್ಲಿ ರೈಲುನಿಲ್ದಾಣದೆದುರು ಧರ್ಮಛತ್ರವನ್ನು ತೆರೆದರು. ಹಳ್ಳಿಗಳಿಂದ ಬಂದ ನಮ್ಮವರ ಎಷ್ಟೋ ಮಕ್ಕಳು ಅವರ ವಿದ್ಯಾರ್ಥಿನಿಲಯದಲ್ಲಿ ಓದಿ ಮುಂದೆ ಬಂದರು. ಈ ಸಂಚಿಕೆಯ ಓದುಗರಲ್ಲೂ ಅಂತಹವರಿದ್ದಾರೆ. ತೋಟದಪ್ಪನವರ ಹೆಸರು ನಮಗೆಲ್ಲ ಗೊತ್ತು, ಗೊತ್ತಿರಲೇಬೇಕು. ಆದರೆ ಒಂದು ಧರ್ಮಕಾರ್ಯ ಶತಮಾನವನ್ನು ದಾಟಬೇಕಾದರೆ ಅದರ ಸೋರುವ ನಲ್ಲಿಯನ್ನು ಬಿಗಿದವರು, ಸವೆದ ಬಾಗಿಲಿಗೆ ತಿರುಗಣಿ ಹಾಕಿದವರು ಎಷ್ಟು ಜನರಿರಬೇಕು? ದಾನವೆಂಬುದು ಕೈಯಿಂದ ಕೈಗೆ ದಾಟಿದ ದಿನವೇ ಮುಗಿಯಿತೆಂದು ನಾವು ತಿಳಿದಂತಿದೆ. ಆ ಹುಡುಗನಿಗೆ 2021ರಲ್ಲಿ ಕೊಟ್ಟ ಲ್ಯಾಪ್‌ಟಾಪ್ 2024ರಲ್ಲಿ ಏಳುನೂರೈವತ್ತು ರೂಪಾಯಿಗೆ ಮತ್ತೊಮ್ಮೆ ಕೊಟ್ಟಂತಾಯಿತು. ಇದಕ್ಕಿಂತ ಅಗ್ಗವಾಗಿ ಒಂದು ಲ್ಯಾಪ್‌ಟಾಪನ್ನು ದಾನ ಮಾಡಲು ನನಗಂತೂ ಬೇರೆ ದಾರಿ ಗೊತ್ತಿಲ್ಲ.

ಜಗತ್ತಿನಲ್ಲಿಯೂ ಈ ಬಗ್ಗೆ ಎಚ್ಚರ ಮೂಡುತ್ತಿದೆ. ಭಾರತ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯವರು 2022ರ ಜುಲೈಯಲ್ಲಿ ರಿಪೇರಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿದರು. ಯುರೋಪಿನವರು ಹಲವು ಬಗೆಯ ಯಂತ್ರಗಳಿಗೆ ಒಂದೇ ಬಗೆಯ ಜ್ಯಾಕ್ ಇರಬೇಕೆಂದು ವಿಧಿಸಿ, 2024ರ ಡಿಸೆಂಬರ್ 28ರಿಂದ ದೂರವಾಣಿಗಳಿಗೆ ಅದನ್ನು ಜಾರಿಗೆ ತಂದರು. ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ನ್ನು ಗೊತ್ತುಮಾಡಿದರು. ಯು.ಎಸ್.ಬಿ. ಸಿ ಎಂಬ ಆ ಜ್ಯಾಕಿನಿಂದ ಬಗೆಬಗೆಯ ಅಡಾಪ್ಟರುಗಳ ಗೊಂದಲ ತಪ್ಪುವುದು ನಿಜ. ಆದರೆ ಅದರೊಳಗೆ ಎರಡು ಸಾಲಿನಲ್ಲಿ ಇಪ್ಪತ್ತನಾಲ್ಕು ಸಂಪರ್ಕಗಳಿವೆ. ಅದನ್ನು ಬೆಸೆಯಲು ಸೂಕ್ಷ್ಮದರ್ಶಕ ಬೇಕು. ನಮ್ಮ ಬಳೇಪೇಟೆಯವರು ಅದನ್ನೂ ಕಲಿತಿದ್ದಾರೆ. ಅವರ ಮಗ ಕಲಿಯಲಿಲ್ಲ. ಆತ ಆಹಾರ ತಲಪಿಸುವ ಸಂಸ್ಥೆಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಅವರ ನಂತರ ಆ ಕೋಣೆಯಲ್ಲಿ ಯಾರು ಕೂರುವರೆಂದು ಕೇಳಿದೆ. ಮೊಳೆಯಲ್ಲಿ ತೂಗುತ್ತಿದ್ದ ಕಾವುಗೋಲಿನತ್ತ ಒಮ್ಮೆ ನೋಡಿ ಮುಂದಿನ ಗಿರಾಕಿಯ ಯಂತ್ರವನ್ನು ಬಿಚ್ಚತೊಡಗಿದರು.

ನಮ್ಮ ಮಕ್ಕಳಲ್ಲಿ ಕೈಗುಣವುಳ್ಳವರಿಗೆ ಕೊರತೆಯಿಲ್ಲವೆಂದು ಮೂವತ್ತೊಂದು ವರ್ಷದ ಅನುಭವದಿಂದ ಬಲ್ಲೆ. ಪರೀಕ್ಷೆಯಲ್ಲಿ ನಲವತ್ತು ಅಂಕ ದಾಟದ ಹುಡುಗ ಊರ ಜಾತ್ರೆಯಲ್ಲಿ ಧ್ವನಿವರ್ಧಕವನ್ನು ಸರಿಪಡಿಸುವುದನ್ನು ನೋಡಿದ್ದೇನೆ. ಅವನಿಗೆ ನಮ್ಮ ವಾರ್ಷಿಕೋತ್ಸವದಲ್ಲಿ ಬಹುಮಾನವಿಲ್ಲ. ಪ್ರಯೋಗಾಲಯದಲ್ಲಿ ಎರಡು ಬೆಸುಗೆಯ ಮೇಜು, ಹೊಗೆಗೊಂದು ಪಂಖ, ಕೆಟ್ಟುಹೋದ ಹಳೆಯ ಹಲಗೆಗಳ ಒಂದು ರಾಶಿ ಇಷ್ಟಿದ್ದರೆ ಕಲಿಸಬಹುದು. ತಿಂಗಳಿಗೆರಡು ಶನಿವಾರ ಬಂದು ಹೇಳಿಕೊಡಲು ಬಳೇಪೇಟೆಯವರು ಒಪ್ಪಿದ್ದಾರೆ. ಬಸ್ಸಿನ ವೆಚ್ಚದ ಹೊರತು ಏನೂ ಬೇಡವೆಂದಿದ್ದಾರೆ. ಪೂಜ್ಯ ಶ್ರೀಗಳವರಲ್ಲಿ ಅರಿಕೆ ಮಾಡಿಕೊಂಡಾಗ, ಮೇಜುಗಳನ್ನು ಶ್ರೀಮಠದ ಬಡಗಿಯಿಂದಲೇ ಮಾಡಿಸುವಂತೆ ಅಪ್ಪಣೆಯಾಗಿದೆ. ಆಡಳಿತ ಮಂಡಲಿಯವರು ರಿಪೇರಿಗೆಂದು ಪ್ರತ್ಯೇಕ ಬಾಬತ್ತನ್ನು ತೆರೆಯುವ ವಿಚಾರ ಮುಂದಿನ ಸಭೆಗೆ ಬರಲಿದೆ.

ಕಪಾಟಿನ ಆರರಲ್ಲಿ ಎರಡಕ್ಕೆ ಜ್ಯಾಕ್ ಸಿಕ್ಕಿದೆ. ಮೂರನೆಯದರ ಅಳತೆ ಎಸ್.ಪಿ. ರಸ್ತೆಯಲ್ಲಿಯೂ ದೊರೆತಿಲ್ಲ. ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಕೆಲಸಕ್ಕೆ ಸೇರಿರುವ ನಮ್ಮ ಹುಡುಗ ಅದರ ಹಳೆಯ ಜ್ಯಾಕನ್ನು ಕಾಗದದಲ್ಲಿ ಕಟ್ಟಿ ಜೇಬಿನಲ್ಲಿಟ್ಟುಕೊಂಡು, ರಜೆಯ ದಿನಗಳಲ್ಲಿ ಅಂಗಡಿಯಿಂದ ಅಂಗಡಿಗೆ ತೋರಿಸುತ್ತಿದ್ದಾನೆ.